ಕಡಲು ಕಾಣದ ಮಕ್ಕಳ ಬುತ್ತಿ



ಹಿಂದೂಪುರದ ಬಸ್ ನಿಲ್ದಾಣದಲ್ಲಿ ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ನನ್ನನ್ನು ತಡೆದು ಕೇಳಿದರು: "ಮೇಷ್ಟ್ರೇ, ನಮ್ಮ ಹುಡುಗಿಗೆ ಜಪಾನಿನ ಕತೆ ಓದಿಸ್ತೀರಂತಲ್ಲ. ಹತ್ತನೇ ಕ್ಲಾಸು ಮುಗಿದರೆ ಅವಳು ಹೋಗೋದು ಇಲ್ಲಿನ ಕಾಲೇಜಿಗೆ, ಇಲ್ಲಾ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ. ಜಪಾನಿಗಲ್ಲವಲ್ಲ?" ಅಷ್ಟರಲ್ಲಿ ಅವರ ಬಸ್ಸು ಹೊರಟಿತು. ಉತ್ತರ ಬಾಕಿ ಉಳಿಯಿತು. ನಿಮ್ಮಲ್ಲಿಯೂ ಹಲವರ ಮನಸ್ಸಿನಲ್ಲಿ ಇದೇ ಪ್ರಶ್ನೆ ಇರಬಹುದು.

ಆ ಪುಸ್ತಕದ ಹೆಸರು 'ತೊತ್ತೋಚಾನ್'. ತೆತ್ಸುಕೊ ಕುರೊಯನಾಗಿ ಎಂಬ ಲೇಖಕಿ ತಾವು ಕಲಿತ ಟೋಕಿಯೋದ ಪುಟ್ಟ ಶಾಲೆಯನ್ನು ನೆನೆದು ಬರೆದದ್ದು, 1981ರಲ್ಲಿ ಪ್ರಕಟವಾಯಿತು. ಹಳೆಯ ರೈಲು ಡಬ್ಬಿಗಳೇ ಅಲ್ಲಿನ ತರಗತಿಗಳು. ಕನ್ನಡಕ್ಕೂ ಬಂದಿದೆ, ತೆಲುಗಿನಲ್ಲಿ ಅದಕ್ಕೆ 'ರೈಲುಬಡಿ' ಎಂದು ಹೆಸರು. ಅಲ್ಲಿನ ಮುಖ್ಯೋಪಾಧ್ಯಾಯರು ಕೊಬಾಯಾಶಿ. ಮಕ್ಕಳ ಬುತ್ತಿಯಲ್ಲಿ ಕಡಲಿನದು ಸ್ವಲ್ಪ, ಬೆಟ್ಟದ್ದು ಸ್ವಲ್ಪ ಇರಬೇಕು ಎಂಬುದು ಅವರ ನಿಯಮ.

ಇದನ್ನು ಓದಿದ ದಿನ ನಮ್ಮ ತರಗತಿ ಪೇಚಿಗೆ ಬಿತ್ತು. ಒಬ್ಬ ಮಗುವೂ ಕಡಲು ಕಂಡಿರಲಿಲ್ಲ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಹುಡುಕಿದರು: ರಾಗಿ ಮುದ್ದೆ, ಕಡಲೆಕಾಯಿ ಚಟ್ನಿ, ಹುಣಸೆಹುಳಿಯ ಸಾರು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೂಗಿದಳು: "ಉಪ್ಪು ಸಾರ್! ಉಪ್ಪು ಕಡಲಿಂದು!" ದಿನವೂ ತಿನ್ನುವ ಮುದ್ದೆಯನ್ನು ಆ ಮಕ್ಕಳು ಅಂದು ಪರಊರಿನವರ ಕಣ್ಣಿನಿಂದ ನೋಡಿದರು. ಅಂಥ ನೋಟ ವ್ಯಾಕರಣದ ಪಾಠದಲ್ಲಿ ಸಿಗುವುದಿಲ್ಲ. ಮೂವತ್ತು ವರ್ಷ ವ್ಯಾಕರಣ ಕಲಿಸಿದವನೇ ಹೇಳುತ್ತಿದ್ದೇನೆ.

ಹಾಗೆ ಕೂಗಿದವಳು ಆ ತಂದೆಯ ಮಗಳೇ. ಅವಳು ಕಾಲೇಜು ಮುಗಿಸಿ ನರ್ಸಿಂಗ್ ಕಲಿಯಲು ಮಂಗಳೂರಿಗೆ ಹೋದಳು. ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಾತಿಯ ಒಣಮೀನಿನ ವಾಸನೆ. ಮೊದಲ ದಿನ ಹೊಟ್ಟೆ ತೊಳಸಿತಂತೆ. ಆದರೂ ಮೂಗು ಮುಚ್ಚಿಕೊಳ್ಳದೆ, ಅದನ್ನು ಹೇಗೆ ಒಣಗಿಸುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು ಕೇಳಿದಳು. ಜೊತೆಗಾತಿ ಇವಳ ಮುದ್ದೆ ನೋಡಿ ನಕ್ಕಾಗ, ಅಗಿಯದೆ ನುಂಗುವುದನ್ನು ಕಲಿಸಿದಳು.

ಕಲ್ಯಾಣದುರ್ಗದ ಕಡೆಯ ಇನ್ನೊಬ್ಬ ಶಿಷ್ಯ ಅಂಕಗಳಲ್ಲಿ ಇವಳಿಗಿಂತ ಮುಂದು. ಊರು ಬಿಟ್ಟು ಹದಿನೈದೇ ದಿನಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಂದ. "ಅವರ ಊಟ ಬೇರೆ ಸಾರ್, ಮಾತು ಬೇರೆ, ನಾನು ಬಾಯಿ ಬಿಟ್ಟರೆ ನಗ್ತಾರೆ" ಎಂದ. ತಪ್ಪು ಅವನದಲ್ಲ. ಪಠ್ಯಪುಸ್ತಕ ಬಿಟ್ಟು ಬೇರೆ ಏನನ್ನೂ ನಾವು ಅವನ ಕೈಗೆ ಕೊಟ್ಟಿರಲಿಲ್ಲ. ಪುಸ್ತಕ ಓದಿದ ಮಾತ್ರಕ್ಕೆ ಎದುರಿನವರ ನಗು ನಿಲ್ಲುತ್ತದೆಂದು ನಾನು ಹೇಳಲಾರೆ. ಆದರೆ ತನ್ನಂತೆಯೇ ಹೊಸ ಜಾಗದಲ್ಲಿ ತಬ್ಬಿಬ್ಬಾದವರ ಕತೆ ಗೊತ್ತಿದ್ದರೆ, ಹದಿನಾರನೆಯ ದಿನವೂ ಅಲ್ಲಿ ಉಳಿಯುವ ಧೈರ್ಯ ಬಂದೀತು.

ನಾವು ಗಡಿಯವರು, ಎರಡು ಭಾಷೆ ಬಲ್ಲವರು, ನಮಗಿದು ಬೇಕಿಲ್ಲ ಎನ್ನಬೇಡಿ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ನಮ್ಮತ್ತ ಬರುವ ಪೆನ್ನೆಯ ದಡದಲ್ಲೇ ನಾನು ಬೆಳೆದವನು. ಅದೇ ಪೆನ್ನೆಯ ಬರಡು ದಡದ ಬಡವರ ಬಗ್ಗೆ ವಿದ್ವಾನ್ ವಿಶ್ವಂ ತೆಲುಗಿನಲ್ಲಿ 'ಪೆನ್ನೇಟಿ ಪಾಟ' ಬರೆದಿದ್ದಾರೆಂದು ತಿಳಿಯುವಾಗ ನನಗೆ ನಲವತ್ತು ದಾಟಿತ್ತು. ಸಂತೆಯಲ್ಲಿ ಚೌಕಾಸಿ ಮಾಡುವ ತೆಲುಗು ನನಗೆ ಚೆನ್ನಾಗಿ ಬರುತ್ತಿತ್ತು. ಪಕ್ಕದ ಮನೆಯವರ ದುಃಖದ ತೆಲುಗು ಬರುತ್ತಿರಲಿಲ್ಲ. ಈಗ ವೇಮನನ ಆಟವೆಲದಿಯನ್ನೂ ಸರ್ವಜ್ಞನ ತ್ರಿಪದಿಯನ್ನೂ ಒಂದೇ ಪೀರಿಯಡ್ಡಿನಲ್ಲಿ ಓದಿಸಬಹುದಲ್ಲ, ಅರ್ಧ ಮಕ್ಕಳಿಗೆ ಒಂದು ಮನೆಮಾತು, ಉಳಿದರ್ಧಕ್ಕೆ ಇನ್ನೊಂದು, ಎಂದು ಕಿರಿಯ ಮೇಷ್ಟ್ರುಗಳಿಗೆ ಹೇಳುತ್ತಿರುತ್ತೇನೆ. ಕೆಲವರು ಮಾಡುತ್ತಾರೆ, ಕೆಲವರು ಸಿಲಬಸ್ ಮುಗಿಯುವುದಿಲ್ಲ ಎನ್ನುತ್ತಾರೆ.

ಮಂಗಳೂರಿನಿಂದ ಆ ಹುಡುಗಿ ಈಚೆಗೆ ಫೋನು ಮಾಡಿದ್ದಳು. ಅಮ್ಮನಿಗೆ ಕನ್ನಡ ಓದಲು ಬಾರದು, ತೆಲುಗು ಬರುತ್ತದೆ; ಅಪ್ಪ ಹಿಂದೂಪುರಕ್ಕೆ ಬಂದಾಗ 'ರೈಲುಬಡಿ' ಕೊಟ್ಟು ಕಳಿಸುತ್ತೀರಾ ಎಂದು ಕೇಳಿದಳು. ಪುಸ್ತಕ ತೆಗೆದಿಟ್ಟಿದ್ದೇನೆ.