ಜೀವಕೋಶದ ವಂಶಾವಳಿ

‘ಕೋಶ’ ಎಂದೊಡನೆ ನಿಮಗೆ ಏನು ಹೊಳೆಯುತ್ತದೆ? ಪುಸ್ತಕಪ್ರಿಯರಿಗೆ ಶಬ್ದಕೋಶ, ಲೆಕ್ಕಪತ್ರದವರಿಗೆ ಬೊಕ್ಕಸ. ಶಾಲೆಗೆ ಹೋಗುವ ನಿಮ್ಮ ಮಗುವನ್ನು ಕೇಳಿದರೆ ಜೀವಕೋಶ ಎನ್ನುತ್ತದೆ. ಇಂಗ್ಲಿಷಿನಲ್ಲಿ ಇದು ‘ಸೆಲ್’. ಲ್ಯಾಟಿನ್ ಮೂಲದ ಆ ಶಬ್ದಕ್ಕೆ ಪುಟ್ಟ ಕೋಣೆಯೆಂದು ಅರ್ಥ. ಹೆಸರಿಟ್ಟವನು ರಾಬರ್ಟ್ ಹುಕ್. ಸೀಸೆಯ ಬಿರಡೆಗೆ ಬಳಸುವ ಬೆಂಡಿನ ತೆಳು ಚೂರೊಂದನ್ನು ಆತ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಜೇನುಹುಟ್ಟಿನಂತೆ ಒತ್ತಾಗಿ ಕೋಣೆಗಳು ಕಂಡುವು. 1665ರ ತನ್ನ ‘ಮೈಕ್ರೊಗ್ರಾಫಿಯ’ ಗ್ರಂಥದಲ್ಲಿ ಅವನ್ನು ವರ್ಣಿಸಿ, ಒಂದು ಘನ ಅಂಗುಲದಲ್ಲಿ 120 ಕೋಟಿಗೂ ಮಿಕ್ಕಿ ಇರುತ್ತವೆಂದು ಲೆಕ್ಕವನ್ನೂ ಹಾಕಿದ.

ಆದರೆ ಅವನು ಕಂಡದ್ದು ಬರಿಯ ಮನೆಗಳನ್ನು. ಒಳಗಿದ್ದ ಜೀವ ಎಂದೋ ಹೋಗಿ ಗೋಡೆಗಳಷ್ಟೇ ಉಳಿದಿದ್ದುವು. ಕೋಣೆ ಬರಿದಾಗಿರಬಹುದು, ಬೊಕ್ಕಸವೆಂದ ಮೇಲೆ ಒಳಗೆ ಏನಾದರೂ ಇರಬೇಕಷ್ಟೆ! ನಮ್ಮ ಹೆಸರೇ ಮೇಲೆಂದು ಹೇಳಲು ಕನ್ನಡ ಪಂಡಿತನಾದ ನನಗೆ ಸಂಕೋಚವಿಲ್ಲ. ಆ ಬೊಕ್ಕಸದ ನಡುವೆ ಕೋಶಕೇಂದ್ರ, ಅದರೊಳಗೆ ಡಿ.ಎನ್.ಎ. ಎಂಬ ಎಳೆಗಳು. ನಿಮ್ಮ ಮೈಯ ಒಂದೇ ಕೋಶದಲ್ಲಿರುವ ಎಳೆಗಳನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ಸುಮಾರು ಎರಡು ಮೀಟರು ಆದೀತು.

ಪಠ್ಯಪುಸ್ತಕಗಳು ಜೀವಕೋಶವನ್ನು ಇಟ್ಟಿಗೆಗೆ ಹೋಲಿಸುವುದುಂಟು. ಈ ಉಪಮೆ ಅರ್ಧ ದಾರಿಯವರೆಗೆ ಮಾತ್ರ ನಡೆಯುತ್ತದೆ. ಇಟ್ಟಿಗೆ ಇಟ್ಟಿಗೆಯನ್ನು ಹೆರುವುದಿಲ್ಲ. ಜೀವಕೋಶವೋ, ನಿಮ್ಮ ಅಡುಗೆಮನೆಯ ಹೆಪ್ಪಿನಂತೆ. ಹಾಲನ್ನು ಎಷ್ಟು ಹದವಾಗಿ ಕಾಯಿಸಿದರೂ ಹೆಪ್ಪಿಲ್ಲದಿದ್ದರೆ ನೆರೆಮನೆಗೆ ಬಟ್ಟಲು ಕಳಿಸಲೇಬೇಕು. ಅಲ್ಲಿಂದ ಬರುವ ಒಂದು ಚಮಚೆಯಲ್ಲಿ ಬ್ಯಾಕ್ಟೀರಿಯಗಳಿವೆ. ಒಂದೊಂದೂ ಒಂದೇ ಕೋಶದ ಜೀವಿ. ಅದಕ್ಕೆ ಕೋಶಕೇಂದ್ರವೂ ಇಲ್ಲ. ಆದರೂ ಒಂದು ಸೀಳಿ ಎರಡಾಗಿ, ಎರಡು ನಾಲ್ಕಾಗಿ, ಬೆಳಗಾಗುವುದರೊಳಗೆ ಪಾತ್ರೆಯನ್ನೆಲ್ಲ ತುಂಬಿಬಿಡುತ್ತವೆ.

ಹೀಗೆ ಕೋಶದಿಂದಲೇ ಕೋಶ ಎಂಬುದು ಇಂದು ಮಕ್ಕಳ ಪಾಠ. ಹಿಂದೆ ಪಂಡಿತರಿಗೇ ಇದು ತಿಳಿದಿರಲಿಲ್ಲ. ಸಸ್ಯಗಳೆಲ್ಲ ಕೋಶಗಳಿಂದಾಗಿವೆ ಎಂದು ಜರ್ಮನಿಯ ಶ್ಲೈಡೆನ್ 1838ರಲ್ಲಿ ಹೇಳಿದ. ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ 1839ರಲ್ಲಿ ಹೇಳಿದ. ಆದರೆ ಹೊಸ ಕೋಶ ಬರುವುದೆಲ್ಲಿಂದ? ಪಾಕದಲ್ಲಿ ಕಲ್ಲುಸಕ್ಕರೆ ಹರಳುಗಟ್ಟುವಂತೆ ಒಂದು ದ್ರವದಿಂದ ತಾನಾಗಿ ಮೂಡುತ್ತದೆಂದು ಇಬ್ಬರೂ ನಂಬಿದ್ದರು.

ಇದನ್ನು ಒಪ್ಪದವನು ಬರ್ಲಿನ್ನಿನ ರಾಬರ್ಟ್ ರೆಮಾಕ್. ಕೋಳಿಯ ಭ್ರೂಣದ ರಕ್ತಕಣಗಳನ್ನೂ ಕಪ್ಪೆಯ ಮೊಟ್ಟೆಗಳನ್ನೂ ವರ್ಷಗಟ್ಟಲೆ ಪರೀಕ್ಷಿಸಿ, ಇದ್ದ ಕೋಶ ಒಡೆದೇ ಹೊಸ ಕೋಶ ಹುಟ್ಟುತ್ತದೆಂದು 1852ರಲ್ಲಿ ಪ್ರಕಟಿಸಿದ. ಆತ ಯೆಹೂದ್ಯ. ಮತಾಂತರಕ್ಕೆ ಒಪ್ಪದ ಅವನಿಗೆ ವಿಶ್ವವಿದ್ಯಾಲಯದಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿ ಕೊನೆಯವರೆಗೂ ದೊರೆಯಲಿಲ್ಲ, 1865ರಲ್ಲಿ ತೀರಿಕೊಂಡ. ಅದೇ ಮಾತನ್ನು 1855ರಲ್ಲಿ ಲ್ಯಾಟಿನ್ ಸೂತ್ರವಾಗಿ ಸಾರಿದ ರುಡಾಲ್ಫ್ ವಿರ್ಖೊ ಜಗತ್ಪ್ರಸಿದ್ಧನಾದ. ರೆಮಾಕನಿಗೆ ಸಲ್ಲಬೇಕಾದ ಮನ್ನಣೆಯನ್ನು ಅವನು ಸಲ್ಲಿಸಲಿಲ್ಲ. ವಿರ್ಖೊ ಸಾಮಾನ್ಯನೇನಲ್ಲ, ರೋಗದ ಮೂಲವನ್ನು ಕೋಶದಲ್ಲೇ ಹುಡುಕಬೇಕೆಂದು ವೈದ್ಯರಿಗೆ ಕಲಿಸಿದವನು. ಕ್ಯಾನ್ಸರ್ ಹೊರಗಿನಿಂದ ನುಗ್ಗಿದ ಶತ್ರುವಲ್ಲ, ಹದ್ದು ಮೀರಿ ಹೆಚ್ಚುವ ನಮ್ಮದೇ ಕೋಶ ಎಂದು ನಾವಿಂದು ಅರಿತಿರುವುದಕ್ಕೆ ಅವನ ದುಡಿಮೆಯೂ ಕಾರಣ. ಆದರೂ ಸೂತ್ರವನ್ನು ಬಾಯಿಪಾಠ ಮಾಡಿಸುವ ಉಪಾಧ್ಯಾಯರು ರೆಮಾಕನ ಹೆಸರನ್ನು ಬಿಟ್ಟರೆ ಅದು ನ್ಯಾಯವಲ್ಲವೆಂದೇ ನನ್ನ ಮತ.

ನಿಮ್ಮ ಮೈಯಲ್ಲಿರುವ ಕೋಶಗಳು ಸುಮಾರು 30 ಲಕ್ಷ ಕೋಟಿ. ಅಷ್ಟೂ ತಾಯಿಯ ಗರ್ಭದಲ್ಲಿದ್ದ ಒಂದೇ ಕೋಶದ ಸಂತಾನ. ಅದು ಹೆತ್ತವರಿಬ್ಬರ ಒಂದೊಂದು ಕೋಶ ಕೂಡಿ ಆದದ್ದು. ಆ ಕೋಶಗಳು ಅವರ ಹೆತ್ತವರಿಂದ ಬಂದವು. ನಮ್ಮಲ್ಲಿ ಏಳು ತಲೆಮಾರಿನ ಹೆಸರು ಹೇಳಬಲ್ಲವರು ವಿರಳ. ಈ ವಂಶಾವಳಿಯೋ ನೂರಾರು ಕೋಟಿ ವರ್ಷಗಳಿಂದ ಒಂದು ಕಡೆಯೂ ಕಡಿದಿಲ್ಲ.

ನೋಡುವ ಆಸೆಯಿದ್ದರೆ ಒಂದು ಈರುಳ್ಳಿಯ ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿ. ಕೆಲವು ದಿನಗಳಲ್ಲಿ ಬಿಳಿಯ ಬೇರು ಇಳಿಯುತ್ತದೆ. ಅದನ್ನು ಮಗುವಿನ ಕೈಯಲ್ಲಿ ಶಾಲೆಗೆ ಕಳಿಸಿ. ವಿಜ್ಞಾನದ ಮೇಷ್ಟರು ಬೇರಿನ ತುದಿಗೆ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರೆ, ಒಂದು ಎರಡಾಗುತ್ತಿರುವ ಕೋಶಗಳು ಅಲ್ಲಲ್ಲಿ ಕಾಣಸಿಗುತ್ತವೆ.