ಕ್ರಾಂತಿ ಏಕೆ ಆಗುತ್ತದೆ? – ತರಗತಿಯಲ್ಲಿ ಕಯ್ಯೂರಿನ ಪಾಠ



ಮಕ್ಕಳಿಗೆ ಕಮ್ಯೂನಿಸಂ ಬಗ್ಗೆ ಏಕೆ ಹೇಳಿಕೊಡುತ್ತೀರಿ ಎಂದು ಕೆಲವು ಪೋಷಕರು ಕೇಳುತ್ತಾರೆ. ಒಂದು ವಿಚಾರವನ್ನು ತಿಳಿಯುವುದು ಬೇರೆ, ಒಪ್ಪುವುದು ಬೇರೆ. ತಿಳಿಯದೆ ಒಪ್ಪುವುದೂ ತಿಳಿಯದೆ ಹೆದರುವುದೂ ಎರಡೂ ಅಪಾಯವೇ.

ರಷ್ಯಾ ಕ್ರಾಂತಿಯ ಕಾರಣಗಳನ್ನು ಬರೆಯಿರಿ ಎಂದರೆ ನಮ್ಮ ಮಕ್ಕಳು ಝಾರನ ದುರಾಡಳಿತ, ಯುದ್ಧ, ಬಡತನ ಎಂದು ಬರೆದು ಅಂಕ ಪಡೆಯುತ್ತಾರೆ. ಆದರೆ ಬಡವನು ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಏಕೆ ಎದ್ದು ನಿಲ್ಲುತ್ತಾನೆ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಅದಕ್ಕೆ ಉತ್ತರ ಹುಡುಕಲು ಪೆಟ್ರೊಗ್ರಾಡ್‌ವರೆಗೆ ಹೋಗಬೇಕಿಲ್ಲ. ಕಯ್ಯೂರು ಸಾಕು.

ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಕಯ್ಯೂರು ಅಂದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಭೂಮಿ ಜಮೀನ್ದಾರರದು, ದುಡಿಮೆ ಗೇಣಿದಾರರದು. ಗೇಣಿಯ ಮೇಲೆ ಇತರ ವಸೂಲಿಗಳು, ಜೊತೆಗೆ ಒಕ್ಕಲೆಬ್ಬಿಸುವ ಭಯ. ರೈತರು ಸಂಘ ಕಟ್ಟಿದರು. ಯುದ್ಧಕಾಲದ ಬೆಲೆ ಏರಿಕೆ ಬಂತು, ಪೊಲೀಸರು ಕಾರ್ಯಕರ್ತರನ್ನು ಹಿಡಿದರು. 1941ರ ಮಾರ್ಚ್ 28ರಂದು ರೈತರ ಪ್ರತಿಭಟನಾ ಮೆರವಣಿಗೆಗೆ ಸಿಕ್ಕಿಬಿದ್ದ ಪೊಲೀಸ್ ಪೇದೆ ಸುಬ್ಬರಾಯ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಅಪ್ಪು, ಚಿರುಕಂಡ, ಕುಞ್ಞಂಬು ನಾಯರ್ ಮತ್ತು ಅಬೂಬಕರ್ ಎಂಬ ನಾಲ್ವರನ್ನು ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ ಕಾದಂಬರಿ ಇದೇ ಘಟನೆಯನ್ನು ಆಧರಿಸಿದೆ.

ನಮ್ಮ ವಿಲ್ಸನ್ ಗಾರ್ಡನ್‌ನ ಮಕ್ಕಳಿಗೆ ಗೇಣಿ ಗೊತ್ತಿಲ್ಲ, ಬಾಡಿಗೆ ಗೊತ್ತು. ಬಾಡಿಗೆಯ ಜೊತೆಗೆ ಮಾಲೀಕನು ಮನಬಂದಂತೆ ಬೇರೆ ಹಣವನ್ನೂ ಕೇಳಿದರೆ, ದೂರು ಕೊಡಲು ಎಲ್ಲಿಯೂ ಜಾಗವಿಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ ನೋಡಿ. ಮಕ್ಕಳೇ ಕಾರಣಗಳನ್ನು ಹೇಳುತ್ತಾರೆ. ಬಡತನವೊಂದೇ ಕ್ರಾಂತಿ ತರುವುದಿಲ್ಲ. ಅನ್ಯಾಯವಿರಬೇಕು, ನ್ಯಾಯದ ಬಾಗಿಲು ಮುಚ್ಚಿರಬೇಕು, ಜನ ಸಂಘಟಿತರಾಗಿರಬೇಕು, ಬೇರೆ ರೀತಿ ಬದುಕಬಹುದೆಂಬ ವಿಚಾರವಿರಬೇಕು. ಭೂಮಿಯೂ ಕಾರ್ಖಾನೆಯೂ ಸಮಾಜದ ಸೊತ್ತಾಗಲಿ ಎಂಬ ವಿಚಾರವನ್ನು ಕಮ್ಯೂನಿಸಂ ಕೊಟ್ಟಿತು. ರಷ್ಯಾದಲ್ಲೂ 1917ರಲ್ಲಿ ಯುದ್ಧ ಮತ್ತು ರೊಟ್ಟಿಯ ಅಭಾವ ಕಿಡಿ ಹಚ್ಚಿದವು.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಸೋವಿಯತ್ ಒಕ್ಕೂಟದಲ್ಲಿ ಬಲವಂತದ ಸಾಮೂಹಿಕ ಕೃಷಿಯ ನಂತರ 1932–33ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಮಧ್ಯ ಏಷ್ಯಾದಲ್ಲಿ ಮಸೀದಿಗಳನ್ನು ಮುಚ್ಚಲಾಯಿತು. ಕಯ್ಯೂರಿನ ಸುಬ್ಬರಾಯನೂ ಸಂಬಳಕ್ಕೆ ದುಡಿಯುವ ಮನುಷ್ಯನೇ ಆಗಿದ್ದ. ನಾಲ್ವರಿಗಾಗಿ ಮರುಗುವ ವಿದ್ಯಾರ್ಥಿ ಅವನನ್ನೂ ನೆನೆಯಬೇಕು.

ಗೇಣಿ ಪದ್ಧತಿಯನ್ನು ಕೊನೆಗೆ ಮುಗಿಸಿದ್ದು ಕಾನೂನು. ಕೇರಳದಲ್ಲಿ 1970ರಲ್ಲಿ, ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಅದು ಜಾರಿಗೆ ಬಂತು. ಆ ಕಾನೂನು ಮೂವತ್ತು ವರ್ಷ ಮೊದಲೇ ಬಂದಿದ್ದರೆ ಐದು ಜೀವ ಉಳಿಯುತ್ತಿತ್ತೇನೋ! ಆದರೆ ಜನ ಕೇಳದೆ ಆ ಕಾನೂನು ಬರುತ್ತಿತ್ತೇ? ಈ ಎರಡೂ ಪ್ರಶ್ನೆಗಳನ್ನು ತರಗತಿಯಲ್ಲಿ ಒಟ್ಟಿಗೇ ಇಡಿ.

ವಿದ್ಯಾರ್ಥಿಗಳೇ, ‘ಇನ್ಕಿಲಾಬ್ ಜಿಂದಾಬಾದ್’ ಘೋಷಣೆಯನ್ನು ಕೊಟ್ಟವರು ಉರ್ದು ಕವಿ ಮೌಲಾನಾ ಹಸರತ್ ಮೋಹಾನಿ. 1925ರ ಕಾನ್ಪುರ ಕಮ್ಯೂನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಗೆ ಅವರೇ ಅಧ್ಯಕ್ಷರು. ಮುಂದೆ ಅವರು ಸಂವಿಧಾನ ರಚನಾ ಸಭೆಯಲ್ಲೂ ಕುಳಿತರು. ಇನ್ಕಿಲಾಬ್ ಎಂದರೆ ಮಗುಚುವುದು, ತಿರುವು. ಯಾವುದು ತಿರುಗಬೇಕು, ಯಾವ ದಾರಿಯಿಂದ, ಯಾರ ಬೆಲೆಗೆ ಎಂದು ಕೇಳದೆ ಯಾವ ಘೋಷಣೆಯನ್ನೂ ಕೂಗಬೇಡಿ, ಯಾವ ಘೋಷಣೆಗೂ ಹೆದರಬೇಡಿ.