ಬೀದಿಯ ಪ್ರತಿಭಟನೆಯೂ ಸರಕಾರದ ಪದಕವೂ

(ಮಡಿಕೇರಿಯಲ್ಲಿ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಫ್ಯಾಸಿಸ್ಟರ ದಬ್ಬಾಳಿಕೆಯನ್ನು ಜನಸಾಮಾನ್ಯರು ಬೀದಿಯಲ್ಲಿ ನಿಂತು ಎದುರಿಸಿದ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಇಟಲಿ, ಜರ್ಮನಿಗಳ ಗೋಜು ಕೊಡಗಿನವರಿಗೇಕೆ ಎಂದು ಕೆಲವರಾದರೂ ಕೇಳಿಯಾರು. ಆದುದರಿಂದ ಪರದೇಶದ ಕಥೆಯನ್ನು ಮೊದಲು ಹೇಳಿ, ಅನಂತರ ನಮ್ಮ ಮನೆಯ ಕಥೆಗೆ ಬರುತ್ತೇನೆ.

ಫ್ಯಾಸಿಸಂ ಹುಟ್ಟಿದುದು ಅರಮನೆಯಲ್ಲಲ್ಲ, ಬೀದಿಯಲ್ಲಿ. ಕರಿಯಂಗಿಯ ತಂಡಗಳು ಇಟಲಿಯ ಕಾರ್ಮಿಕರ ಸಂಘಗಳನ್ನೂ ಪತ್ರಿಕಾಲಯಗಳನ್ನೂ ಸುಟ್ಟುವು. ಕಾಯಬೇಕಾದ ಪೊಲೀಸರು ಎಷ್ಟೋ ಕಡೆ ಕಣ್ಣು ಮುಚ್ಚಿಕೊಂಡರು. 1922ರ ಆಗಸ್ಟ್ ತಿಂಗಳಲ್ಲಿ ಇತಾಲೋ ಬಾಲ್ಬೋ ಎಂಬ ಮುಖಂಡನು ಸಾವಿರಾರು ಮಂದಿಯೊಡನೆ ಪಾರ್ಮಾ ನಗರದ ಮೇಲೆ ನುಗ್ಗಿದನು. ಗೀದೋ ಪಿಚೆಲ್ಲಿಯ ಮುಂದಾಳುತನದಲ್ಲಿ ಅಲ್ಲಿಯ ಬಡವರ ಕೇರಿಗಳು ಅಡ್ಡಗಟ್ಟೆ ಕಟ್ಟಿ ನಿಂತುವು. ಕೆಲವು ದಿನಗಳ ಬಳಿಕ ಬಾಲ್ಬೋ ಹಿಂದಿರುಗಬೇಕಾಯಿತು. ಆದರೆ ಅದೇ ಅಕ್ಟೋಬರಿನಲ್ಲಿ ಮುಸೋಲಿನಿಯನ್ನು ದೊರೆಯೇ ಕರೆದು ಪ್ರಧಾನಿಯನ್ನಾಗಿ ಮಾಡಿದನು. ಊರೊಂದು ಗೆದ್ದಿತು, ದೇಶ ಸೋತಿತು. ವಿರೋಧಿ ಪಕ್ಷಗಳು ಒಂದನ್ನೊಂದು ದೂರುತ್ತ ಕುಳಿತಿದ್ದುವು.

1936ರ ಅಕ್ಟೋಬರ್ 4ರಂದು ಲಂಡನ್ನಿನಲ್ಲಿ ಮೋಸ್ಲಿಯ ಕರಿಯಂಗಿಯವರು ಯೆಹೂದ್ಯರ ಕೇರಿಯ ಮೂಲಕ ಮೆರವಣಿಗೆ ಹೊರಟರು. ದಾರಿ ಬಿಡಿಸಲು ಸಾವಿರಾರು ಪೊಲೀಸರು ಬಂದರು. ಯೆಹೂದಿ ದರ್ಜಿಯೂ ಐರಿಷ್ ಹಡಗುಕಟ್ಟೆಯ ಕೂಲಿಯೂ ಹೆಗಲಿಗೆ ಹೆಗಲು ಕೊಟ್ಟು ಕೇಬಲ್ ಬೀದಿಯನ್ನು ತಡೆದರು, ಮೆರವಣಿಗೆ ನಿಂತಿತು. ಸೆರೆ ಸಿಕ್ಕವರಲ್ಲಿ ಬಹುಮಂದಿ ತಡೆದವರೇ ಆಗಿದ್ದರೆಂಬುದನ್ನು ಮರೆಯಬಾರದು. ಆದರೂ ಅದೇ ವರ್ಷ ಪಾರ್ಲಿಮೆಂಟು ರಾಜಕೀಯ ಸಮವಸ್ತ್ರಗಳನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಆ ಕಾನೂನೇ ಎಲ್ಲರ ಮೆರವಣಿಗೆಗಳ ಮೇಲೆಯೂ ಪೊಲೀಸರಿಗೆ ಹಿಡಿತ ಕೊಟ್ಟಿತೆಂಬುದನ್ನು ವಕೀಲನಾದ ನಾನು ಹೇಳದೆ ಇರಲಾರೆ.

1941ರ ಫೆಬ್ರವರಿಯಲ್ಲಿ ನಾಜಿಗಳು ಆಂಸ್ಟರ್‌ಡಾಮಿನಲ್ಲಿ ನಾನೂರಕ್ಕೂ ಹೆಚ್ಚು ಯೆಹೂದಿ ತರುಣರನ್ನು ಹಿಡಿದೊಯ್ದಾಗ, 25ನೆಯ ತಾರೀಖು ಟ್ರಾಮ್ ನಡೆಸುವವರೂ ಹಡಗುಕಟ್ಟೆಯವರೂ ಕೆಲಸ ನಿಲ್ಲಿಸಿದರು. ನೆರೆಯವನಿಗಾಗಿ ಊರಿಗೆ ಊರೇ ಮುಷ್ಕರ ಹೂಡಿತು. ಎರಡೇ ದಿನಗಳಲ್ಲಿ ಗುಂಡಿನಿಂದ ಅದನ್ನು ಅಡಗಿಸಿದರು. ಫಲವಿಲ್ಲವೆಂದು ತಿಳಿದೂ ನಿಂತವರ ಸ್ಮರಣೆ ಇಂದಿಗೂ ಆ ಊರಿನಲ್ಲಿ ನಡೆಯುತ್ತಿದೆ.

ಇನ್ನು ನಮ್ಮ ಮನೆಯ ಕಥೆ. ಕಂಪನಿಯ ಆಳಿಕೆಗೆ ಫ್ಯಾಸಿಸಂ ಎಂಬ ಹೆಸರು ಒಪ್ಪುವುದಿಲ್ಲ. ಆದರೆ ಬಲವೇ ನ್ಯಾಯವೆಂಬವರನ್ನು ಎದುರಿಸಿದ ಜನರ ಅನುಭವ ಎಲ್ಲೆಡೆಯೂ ಒಂದೇ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಕಂಪನಿಯವರು ಕೊಡಗನ್ನು ಕೈವಶ ಮಾಡಿಕೊಂಡರು. ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕೆಂದರು. ಬೇಸಾಯಗಾರನ ಕೈಯಲ್ಲಿ ನಗದೆಲ್ಲಿಯದು? 1837ರಲ್ಲಿ ಸುಳ್ಯದ ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ನೇತೃತ್ವದಲ್ಲಿ ಹಲವು ಜಾತಿಗಳ ಜನರು ಎದ್ದರು. ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲೆ ತಮ್ಮ ಬಾವುಟವನ್ನು ಏರಿಸಿದರು. ಅದಕ್ಕೆ ಇಂದಿಗೂ ಬಾವುಟಗುಡ್ಡವೆಂದೇ ಹೆಸರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿದ್ದಿತು. ಹೊರಗಿನಿಂದ ಸೇನೆ ಬಂದ ಮೇಲೆ ಎಲ್ಲವೂ ಮುಗಿಯಿತು. ಸುಬೇದಾರ್ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅಕ್ಟೋಬರ್ 31ರಂದು ಇದೇ ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಮಹನೀಯರೇ, ಕಠಿನವಾದ ಮಾತು ಇಲ್ಲಿಂದ ಮುಂದೆ. ಆ ದಂಗೆಯನ್ನು ಅಡಗಿಸಲು ಕೊಡಗಿನ ದಿವಾನರೂ ಅನೇಕ ಮನೆತನಗಳವರೂ ಕಂಪನಿಗೆ ನೆರವಾದರು. ಕಂಪನಿ ಅವರಿಗೆ ಪದಕಗಳನ್ನಿತ್ತಿತು. ಪದಕದ ಒಂದು ಮುಖದಲ್ಲಿ ಕತ್ತಿಯೆತ್ತಿದ ಕೊಡವನ ಚಿತ್ರವಿದೆ; ಸುತ್ತಲೂ ಅವರ ನಿಷ್ಠೆಯನ್ನು ಹೊಗಳುವ ಬರಹವಿದೆ. ಆ ಬರಹ ಯಾವ ನುಡಿಯಲ್ಲಿದೆ? ಕನ್ನಡದಲ್ಲಿ! ಎದ್ದವರ ಹೋರಾಟಕ್ಕೆ ಉಳಿದ ಹೆಸರಾದರೋ 'ಕಲ್ಯಾಣಪ್ಪನ ಕಾಟಕಾಯಿ', ಎಂದರೆ ಸುಲಿಗೆಗಾರರ ಹಾವಳಿ. ಗಲ್ಲಿಗೆ ಹೋದವನಿಗೆ ಕಳ್ಳನ ಹೆಸರು, ನೆರವಾದವನಿಗೆ ಪದಕ. ಎರಡಕ್ಕೂ ನಮ್ಮ ನುಡಿಯೇ ಸಾಧನವಾಯಿತು.

ಹಾಗೆಂದು ನೆರವಾದವರ ಸಂತತಿಯನ್ನು ನಿಂದಿಸುವುದು ನ್ಯಾಯವಲ್ಲ. ಅಜ್ಜನ ಅಪರಾಧಕ್ಕೆ ಮೊಮ್ಮಗನನ್ನು ವಿಚಾರಿಸುವ ನ್ಯಾಯಾಲಯವು ನಮ್ಮಲ್ಲಿಲ್ಲ. ಅವರಲ್ಲಿ ಭಯಪಟ್ಟವರೂ, ಅರಾಜಕತೆಗೆ ಅಂಜಿದವರೂ ಇದ್ದಿರಬಹುದು. ಆದರೆ ಸಂಗತಿಯನ್ನು ಮುಚ್ಚಿಡುವುದೂ ನ್ಯಾಯವಲ್ಲ.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ನೆರೆದವರ ಮೇಲೆ ಗುಂಡು ಹಾರಿತು. ಮಡಿದವರ ಲೆಕ್ಕದಲ್ಲಿಯೂ ಸರಕಾರದ್ದೊಂದು, ಜನರದ್ದೊಂದು. ಆದರೂ ಮರುತಿಂಗಳೇ ಒಪ್ಪಂದವಾಗಿ, ಮೈಸೂರಿನ ಬಾವುಟದೊಡನೆ ಕಾಂಗ್ರೆಸ್ ಧ್ವಜವೂ ಹಾರಬಹುದೆಂದಾಯಿತು. 1942ರಲ್ಲಿ ಈಸೂರಿನಲ್ಲಿ ಕೋಪ ಕಟ್ಟೆಯೊಡೆದು ಇಬ್ಬರು ಅಧಿಕಾರಿಗಳು ಹತರಾದರು. 1943ರಲ್ಲಿ ಐವರು ಗಲ್ಲಿಗೇರಿದರು. ಶಿಸ್ತಿನಿಂದ ನಿಂತ ಬೀದಿ ಹಕ್ಕನ್ನು ಕಾಗದದ ಮೇಲೆ ಬರೆಯಿಸಿಕೊಂಡಿತು. ಶಿಸ್ತು ತಪ್ಪಿದೆಡೆ ತಾಯಂದಿರು ಮಕ್ಕಳನ್ನು ಕಳೆದುಕೊಂಡರು.

ಈ ಕಥೆಗಳಿಂದ ನಾನು ಕಲಿತುದು ಮೂರು. ಕೇರಿಕೇರಿಗಳ ಕಲಹ ನಿಲ್ಲದೆ ದಬ್ಬಾಳಿಕೆ ನಿಲ್ಲದು. ಬೀದಿಯಲ್ಲಿ ಗಳಿಸಿದುದನ್ನು ಕಾನೂನಿನಲ್ಲಿ ಭದ್ರಪಡಿಸದಿದ್ದರೆ ಅದು ಉಳಿಯದು. ಹೋರಾಟಕ್ಕೆ ಹೆಸರಿಡುವ ಅಧಿಕಾರವನ್ನು ಆಳುವವರಿಗೇ ಬಿಟ್ಟರೆ, ಸೋತವರು ಎರಡನೆಯ ಸಲ ಸಾಯುತ್ತಾರೆ.

ಅಪ್ಪಯ್ಯಗೌಡರ ಪ್ರತಿಮೆ ಇಂದು ಮಡಿಕೇರಿಯಲ್ಲಿದೆ. ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಬಾವುಟಗುಡ್ಡದ ಮೇಲೆ ನಿಂತಿತು. ಪ್ರತಿಮೆಗೆ ಹಾರ ಹಾಕುವುದು ಸುಲಭ. ಉಪಾಧ್ಯಾಯರಾದ ತಾವು ಮಕ್ಕಳಿಗೆ ಆ ಪ್ರತಿಮೆಯನ್ನೂ ತೋರಿಸಿ, ಆ ಪದಕದ ಕಥೆಯನ್ನೂ ಹೇಳಿರಿ. 'ನೀನಾಗಿದ್ದರೆ ಯಾವ ಕಡೆ ನಿಲ್ಲುತ್ತಿದ್ದೆ?' ಎಂದು ಕೇಳಿರಿ. ಉತ್ತರಕ್ಕೆ ಅವಸರಪಡಿಸಬೇಡಿರಿ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದ ಮಗುವನ್ನು ಯಾವ ಕರಿಯಂಗಿಯವನೂ ಸುಲಭವಾಗಿ ಮರುಳುಮಾಡಲಾರನು.